ನರ್ಸ್‌ಗಳಿಗೂ ಮಾನವ ಹಕ್ಕುಗಳಿಗೂ ಏನು ಸಂಬಂಧ?

ಓದುಗರ ಪ್ರಶ್ನೆ: ನರ್ಸ್ ಅಂದ್ರೆ ರೋಗಿಯ ಆರೈಕೆ ಮಾಡುವವರು. ಮಾನವ ಹಕ್ಕು, ಅಭಿವೃದ್ಧಿ ಅಂತ ಜಗತ್ತಿನ ಮಟ್ಟದಲ್ಲಿ ಅವರು ಮಾಡುವುದೇನು?

ಉತ್ತರ: 2014ರಲ್ಲಿ ಗ್ವಾಂಟನಾಮೊ ಸೆರೆಮನೆಯಲ್ಲಿ, ಅಂದರೆ ಕ್ಯೂಬಾದಲ್ಲಿ ಅಮೆರಿಕ ಸೇನೆ ನಡೆಸುವ ಜೈಲಿನಲ್ಲಿ, ನಡೆದದ್ದನ್ನೇ ನೋಡಿ. ಅಲ್ಲಿ ಉಪವಾಸ ಕೂತ ಕೈದಿಗಳನ್ನು ಕುರ್ಚಿಗೆ ಬಿಗಿದು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಬಲವಂತವಾಗಿ ಆಹಾರ ತುಂಬಿಸುತ್ತಿದ್ದರು. ನಳಿಕೆ ಹಾಕುವುದು ನರ್ಸ್‌ಗಳಿಗೆ ದಿನನಿತ್ಯದ ಕೆಲಸ. ಆದರೆ ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡ ಬೇಡ ಅಂದರೂ ಹಾಕಿದರೆ ಅದು ಆರೈಕೆ ಆಗುತ್ತದಾ? ಅಮೆರಿಕ ನೌಕಾಪಡೆಯ ಒಬ್ಬ ನರ್ಸ್ ಇದನ್ನು ಮಾಡುವುದಿಲ್ಲ ಎಂದುಬಿಟ್ಟರು. ಅವರ ಕೆಲಸಕ್ಕೇ ಕುತ್ತು ಬಂತು. ಅಮೆರಿಕದ ನರ್ಸ್‌ಗಳ ಸಂಘ ಅವರ ಬೆನ್ನಿಗೆ ನಿಂತಿತು. ಮರುವರ್ಷ ನೌಕಾಪಡೆ ಅವರನ್ನು ತೆಗೆದುಹಾಕುವ ಯೋಚನೆ ಕೈಬಿಟ್ಟಿತು.

ಹೀಗೆ ಗಟ್ಟಿಯಾಗಿ ನಿಲ್ಲಲು ಒಂದು ಆಧಾರ ಬೇಕಲ್ವಾ? ಅದು ಇದೆ. ನರ್ಸ್‌ಗಳ ಅಂತರರಾಷ್ಟ್ರೀಯ ಮಂಡಳಿ ಶುರುವಾದದ್ದು 1899ರಲ್ಲಿ. 1953ರಲ್ಲಿ ಅದು ನೀತಿಸಂಹಿತೆ ಒಪ್ಪಿಕೊಂಡಿತು, ಕೊನೆಯದಾಗಿ ತಿದ್ದಿದ್ದು 2021ರಲ್ಲಿ. ಜನರ ಹಕ್ಕುಗಳನ್ನು ಗೌರವಿಸುವುದು ನರ್ಸಿಂಗ್‌ನ ಭಾಗವೇ ಎಂದು ಅದು ಹೇಳುತ್ತದೆ.

ಅಭಿವೃದ್ಧಿಯ ಮಾತಿಗೆ ಬರೋಣ. 2030ರೊಳಗೆ ಪ್ರತಿ ಒಂದು ಲಕ್ಷ ಜನನಕ್ಕೆ ತಾಯಂದಿರ ಸಾವು 70ಕ್ಕಿಂತ ಕಡಿಮೆ ಆಗಬೇಕು ಎಂಬುದು ವಿಶ್ವಸಂಸ್ಥೆಯ ಗುರಿ. ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ವಿಪರೀತ ರಕ್ತಸ್ರಾವದ ಅಪಾಯ ತಗ್ಗುತ್ತದೆ. ಬಹಳ ಕಡೆ ಆ ಇಂಜೆಕ್ಷನ್ ಕೊಡುವವರು ನರ್ಸ್ ಅಥವಾ ತರಬೇತಿ ಪಡೆದ ಸೂಲಗಿತ್ತಿ. ಔಷಧಿಯನ್ನು ತಣ್ಣಗಿಡಬೇಕು. ಕರೆಂಟ್ ಹೋಗಿ ಫ್ರಿಡ್ಜ್ ನಿಂತರೆ, ಸ್ಟಾಕ್ ಮುಗಿದರೆ, ಮೊದಲು ಗೊತ್ತಾಗುವುದೂ ಅವರಿಗೇ. ಅದಕ್ಕೇ ಆರೋಗ್ಯದ ಯೋಜನೆ ಬರೆಯುವಾಗ ಅವರನ್ನು ಕೂರಿಸಿಕೊಂಡು ಕೇಳಬೇಕು. ಸುಮ್ನೆ ಆದೇಶ ಕಳಿಸಿದರೆ ಸಾಲದು.

ನನ್ನನ್ನು ಜಾಸ್ತಿ ಕಾಡುವ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಮಂದಿಯ ಕೊರತೆ ಇತ್ತು. ಏಳು ನರ್ಸ್‌ಗಳಲ್ಲಿ ಒಬ್ಬರು ಹುಟ್ಟಿದ್ದು ಒಂದು ದೇಶ, ದುಡಿಯುತ್ತಿರುವುದು ಇನ್ನೊಂದು ದೇಶ. ಒಳ್ಳೆಯ ಸಂಬಳ ಹುಡುಕಿಕೊಂಡು ಹೋಗುವವರನ್ನು ದೂರುವುದು ತಪ್ಪು. ಎಲ್ಲಿ ದುಡಿಯಬೇಕು ಎಂದು ತೀರ್ಮಾನಿಸುವುದು ಅವರ ಹಕ್ಕು. ಆದರೆ ಬಡ ದೇಶ ಖರ್ಚು ಮಾಡಿ ಕಲಿಸಿದ ನರ್ಸ್ ಶ್ರೀಮಂತ ದೇಶಕ್ಕೆ ಹೋದಾಗ, ಇಲ್ಲಿನ ವಾರ್ಡಿನಲ್ಲಿ ಉಳಿದವರ ಮೇಲೆ ಹೊರೆ ಬೀಳುತ್ತದೆ, ರೋಗಿಗೆ ಸಿಗಬೇಕಾದ ಆರೈಕೆ ಸಿಗುವುದಿಲ್ಲ. ತೀವ್ರ ಕೊರತೆಯಿರುವ ದೇಶಗಳಿಗೆ ಹೋಗಿ ನೇಮಕಾತಿ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ನಿಯಮಾವಳಿ ತಂದಿದೆ. ಪಾಲಿಸದಿದ್ದರೆ ಶಿಕ್ಷೆಯಿಲ್ಲ. ಕರೆಸಿಕೊಳ್ಳುವ ದೇಶಗಳು ತಮ್ಮಲ್ಲೇ ಹೆಚ್ಚು ನರ್ಸ್‌ಗಳನ್ನು ತಯಾರು ಮಾಡಬೇಕು, ಕಳಿಸಿದ ದೇಶದ ನರ್ಸಿಂಗ್ ಕಾಲೇಜುಗಳಿಗೆ ಹಣವನ್ನೂ ಕೊಡಬೇಕು.