ಕರ್ಪೂರದ ಮಸಿ ಮತ್ತು ಕಬ್ಬಿಣದ ಕಣ

ಆರತಿ ಮುಗಿದ ಮೇಲೆ ತಟ್ಟೆಯಲ್ಲಿ ಉಳಿಯುವ ಕಪ್ಪನ್ನು ಹುಣಸೆಹಣ್ಣು ಹಾಕಿ ಉಜ್ಜುವುದು ಮಾಟುಂಗಾದ ನಮ್ಮ ಮನೆಗಳಲ್ಲಿ ನಿತ್ಯದ ಕೆಲಸ. ಕರ್ಪೂರದ ಒಂದೊಂದು ಅಣುವಿನಲ್ಲೂ ಹತ್ತು ಇಂಗಾಲದ ಪರಮಾಣುಗಳಿವೆ. ಅವುಗಳಲ್ಲಿ ಪೂರ್ತಿ ಉರಿಯದೆ ಉಳಿದವೇ ಮಸಿ. ಇದೇ ಮುಂಬಯಿಯ ಪೊವಾಯಿಯಲ್ಲಿರುವ ಐಐಟಿಯಲ್ಲಿ ಮಹೇಶ್ವರ ಶರೋನ್ ಅವರ ತಂಡ ಆ ಮಸಿಯ ಬೆನ್ನು ಹತ್ತಿತು. ಅದರಿಂದ ಫುಲ್ಲರೀನ್ ಎಂಬ, ಇಂಗಾಲದ ಪರಮಾಣುಗಳು ಚೆಂಡಿನಂತೆ ಕೂಡಿದ ಅಣುಗಳನ್ನು ಪಡೆದ ವರದಿಯನ್ನು 1994ರಲ್ಲಿ ಪ್ರಕಟಿಸಿತು. ಅವರೊಂದಿಗೆ ಕೆಲಸ ಮಾಡಿದ್ದ ಮುಕುಲ್ ಕುಮಾರ್ ಮುಂದೆ ಜಪಾನಿನಲ್ಲಿ ಯೋಶಿನೋರಿ ಆಂಡೋ ಅವರ ಜೊತೆ ಸೇರಿ, ಕರ್ಪೂರದ ಆವಿಗೆ ಫೆರೋಸೀನ್ ಬೆರೆಸಿ ಕುಲುಮೆಗೆ ಹಾಯಿಸಿದರು. ದೊರೆತದ್ದು ಇಂಗಾಲದ ನ್ಯಾನೋಕೊಳವೆಗಳು, ಅಂದರೆ ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳನೆಯ ಟೊಳ್ಳು ನಳಿಗೆಗಳು.

ಫೆರೋಸೀನ್ ತಂದದ್ದು ಕಬ್ಬಿಣವನ್ನು. ಮಸಿಯಾಗಬಹುದಾಗಿದ್ದ ಇಂಗಾಲವನ್ನು ಕೊಳವೆಯಾಗಿ ಸುತ್ತಿಸಿದ್ದು ಆ ಕಬ್ಬಿಣ. ಇಂಥ ಲೋಹಯುಕ್ತ ಸಂಯುಕ್ತಗಳನ್ನು ಕಾಯಿಸಿ ನ್ಯಾನೋಕೊಳವೆ ಪಡೆಯುವ ದಾರಿಯನ್ನು ನಮ್ಮ ಸಿ.ಎನ್.ಆರ್. ರಾವ್ ಅವರ ಬೆಂಗಳೂರಿನ ತಂಡ 1997ರಲ್ಲೇ ತೋರಿಸಿತ್ತು.

ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಹಲವು ವರ್ಷ ನಾನು ಬಾಯಿಪಾಠ ಮಾಡಿಸಿದ ವಾಕ್ಯವೊಂದಿದೆ: ತಾನು ಬದಲಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಬದಲಿಸುವ ವಸ್ತುವೇ ಕ್ರಿಯಾವರ್ಧಕ. ಇದರ ಮೂಲ ಜರ್ಮನ್ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರ ಚಿಂತನೆ. ಕ್ರಿಯಾವರ್ಧನೆಯ ಅಧ್ಯಯನಕ್ಕಾಗಿ ಅವರಿಗೆ 1909ರಲ್ಲಿ ನೊಬೆಲ್ ಬಂತು. ಆದರೆ ನ್ಯಾನೋಕೊಳವೆಯ ಕುಲುಮೆಯಲ್ಲಿ ಕ್ರಿಯಾವರ್ಧಕವಾದ ಲೋಹ ಬದಲಾಗದೆ ಇರುವ ಗಳಿಗೆಯೇ ಇಲ್ಲ. ಆ ‘ತಾನು ಬದಲಾಗದೆ’ ಎಂಬ ಮಾತನ್ನು ಇಂದು ಪಾಠ ಹೇಳುವುದಾದರೆ ನಾನು ಅಲ್ಲಿಯೇ ನಿಂತು ಇನ್ನೊಂದು ತರಗತಿ ತೆಗೆದುಕೊಳ್ಳುತ್ತಿದ್ದೆ.

ಇಂಗಾಲದ ಎಳೆಗಳು ಮೊದಲು ಯಾರಿಗೂ ಬೇಕಾಗಿರಲಿಲ್ಲ. ಕಾದ ಕಬ್ಬಿಣ, ನಿಕ್ಕಲ್‌ಗಳ ಮೇಲೆ ಬೆಳೆದು ಯಂತ್ರಗಳ ದಾರಿ ಕಟ್ಟಿಬಿಡುವ ಪೀಡೆ ಎಂದೇ ಕಾರ್ಖಾನೆಗಳು ಅವನ್ನು ಕಂಡಿದ್ದವು. 1952ರಲ್ಲಿ ರಷ್ಯಾದ ರಾದುಷ್ಕೆವಿಚ್ ಮತ್ತು ಲುಕ್ಯಾನೋವಿಚ್ ಕಬ್ಬಿಣದ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದಾಗ ಹುಟ್ಟಿದ, ಸುಮಾರು 50 ನ್ಯಾನೋಮೀಟರ್ ದಪ್ಪದ ಟೊಳ್ಳು ಎಳೆಗಳ ಚಿತ್ರ ಪ್ರಕಟಿಸಿದರು. ಶೀತಲ ಸಮರದ ಕಾಲದ ಆ ರಷ್ಯನ್ ಲೇಖನ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. 1972ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬೇಕರ್ ಮತ್ತು ಸಂಗಡಿಗರು ಅಸಿಟಿಲೀನ್ ಅನಿಲದಲ್ಲಿ ನಿಕ್ಕಲ್ ಕಣಗಳ ಮೇಲೆ ಎಳೆ ಬೆಳೆಯುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೇ ನೋಡಿದರು. ಅವರ ವಿವರಣೆ ಸರಳವಾಗಿತ್ತು: ಅನಿಲ ಕಣದ ಒಂದು ಮೈಯಲ್ಲಿ ಒಡೆಯುತ್ತದೆ, ಇಂಗಾಲ ಲೋಹದೊಳಗೆ ಕರಗಿ ಸಾಗುತ್ತದೆ, ಇನ್ನೊಂದು ಮೈಯಲ್ಲಿ ಎಳೆಯಾಗಿ ಹೊರಬರುತ್ತದೆ. ಶಾವಿಗೆ ಒರಳಿಗೆ ಮೇಲಿನಿಂದ ಹಿಟ್ಟು ತುಂಬಿದ ಹಾಗೆ. ಕಣ ಕೆಳಗೆ ಗಟ್ಟಿಯಾಗಿ ಅಂಟಿದ್ದರೆ ಕೊಳವೆ ಅದರ ಮೇಲೆ ಬೆಳೆಯುತ್ತದೆ; ಹಿಡಿತ ಸಡಿಲವಾದರೆ ಕೊಳವೆಯೇ ಕಣವನ್ನು ತಲೆಯ ಮೇಲೆ ಹೊತ್ತು ಏರುತ್ತದೆ.

1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಬಹುಪದರದ ಕೊಳವೆಗಳನ್ನು ವರ್ಣಿಸಿದ ಮೇಲೆ ಪೀಡೆ ನಿಧಿಯಾಯಿತು. ಅವಕ್ಕೆ ಲೋಹ ಬೇಕಿರಲಿಲ್ಲ, ಇಂಗಾಲದ ಕಡ್ಡಿಗಳ ನಡುವೆ ಹೊತ್ತಿಸಿದ ವಿದ್ಯುತ್ ಚಾಪ ಸಾಕಾಗಿತ್ತು. 1993ರಲ್ಲಿ ಒಂದೇ ಪದರದ ಕೊಳವೆ ದೊರೆತಾಗ ಮಾತ್ರ ಒಂದು ತಂಡದ ಪ್ರಯೋಗದಲ್ಲಿ ಕಬ್ಬಿಣ, ಇನ್ನೊಂದು ತಂಡದ ಪ್ರಯೋಗದಲ್ಲಿ ಕೋಬಾಲ್ಟ್ ಇತ್ತು.

ಶಾವಿಗೆ ಒರಳಿನ ಹೋಲಿಕೆ ಒಂದು ಹಂತದವರೆಗೆ ಸರಿ. ಒರಳು ಅಲುಗುವುದಿಲ್ಲ, ಕಣ ಅಲುಗುತ್ತದೆ. 2004ರಲ್ಲಿ ಡೆನ್ಮಾರ್ಕಿನ ಹೆಲ್ವೆಗ್ ಮತ್ತು ಸಂಗಡಿಗರು ಮೀಥೇನ್ ಹಾಯಿಸಿ ತೆಗೆದ ಚಿತ್ರಗಳಲ್ಲಿ ನಿಕ್ಕಲ್ ಕಣ ಇಂಗಾಲದ ಪದರಗಳ ನಡುವೆ ಉದ್ದಕ್ಕೆ ಚಾಚಿಕೊಂಡು, ಥಟ್ಟನೆ ಮತ್ತೆ ಗುಂಡಗಾಗುವುದು ಕಂಡಿತು. ಕಣ ಕರಗಿರಲಿಲ್ಲ, ಹರಳಾಗಿಯೇ ಉಳಿದಿತ್ತು. ಗಟ್ಟಿ ಲೋಹ ಹೀಗೆ ಉಸಿರಾಡಿದಂತೆ ಚಾಚಿ ಕುಗ್ಗುವುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. 2008ರಲ್ಲಿ ಜಪಾನಿನ ಯೋಶಿದಾ ಮತ್ತಿತರರು ಕಬ್ಬಿಣದ ವಿಷಯದಲ್ಲಿ ಬೇರೆಯದೇ ಕಂಡರು: ಕೊಳವೆ ಬೆಳೆಸುತ್ತಿದ್ದ ಕಣ ಶುದ್ಧ ಕಬ್ಬಿಣವಾಗಿರದೆ ಸಿಮೆಂಟೈಟ್ ಎಂಬ ಕಬ್ಬಿಣದ ಕಾರ್ಬೈಡ್, ಅಂದರೆ ಕಬ್ಬಿಣ-ಇಂಗಾಲಗಳ ಸಂಯುಕ್ತ ಆಗಿತ್ತು. ಕೆಲಸ ಮಾಡುತ್ತಿರುವ ಕಣ ಲೋಹವೋ ಕಾರ್ಬೈಡೋ ಎಂಬ ವಾದ ಇದರಿಂದ ಇನ್ನಷ್ಟು ಕಾವೇರಿತು.

ಕಣಕ್ಕೆ ಸಾವೂ ಇದೆ. ಹೊರಮೈಗೆ ಇಂಗಾಲದ ಪೊರೆ ಕಟ್ಟಿದರೆ ಅನಿಲ ಒಳಗೆ ಬರಲಾಗದು. 2004ರಲ್ಲೇ ಜಪಾನಿನ ತ್ಸುಕುಬಾದಲ್ಲಿ ಕೆಂಜಿ ಹಾಟಾ ಅವರ ತಂಡ ಕುಲುಮೆಗೆ ಚೂರೇ ಚೂರು ನೀರಾವಿ ಬಿಟ್ಟಾಗ ಒತ್ತಾಗಿ ನೆಟ್ಟಗೆ ನಿಂತ ಕೊಳವೆಗಳ ಕಾಡು ಹತ್ತು ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರ ಬೆಳೆಯಿತು. ಆವಿ ಆ ಪೊರೆಯನ್ನು ಸುಟ್ಟು ತೆಗೆಯುತ್ತದೆ ಎಂದು ತಂಡ ವಿವರಿಸಿತು. ಕರ್ಪೂರದ ಅಣುವಿನಲ್ಲಿಯೂ ಆಮ್ಲಜನಕದ ಒಂದು ಪರಮಾಣು ಇದೆ. ಬೇಡದ ಇಂಗಾಲವನ್ನು ಅದು ಅಲ್ಲಲ್ಲೇ ಸುಡುತ್ತದೆ ಎಂದು ಕುಮಾರ್ ಮತ್ತು ಆಂಡೋ ಸೂಚಿಸಿದ್ದಾರೆ.

ಆದರೆ ಪೊರೆಯೊಂದೇ ಶತ್ರುವಲ್ಲ. ಬಿಸಿಯಲ್ಲಿ ಚಿಕ್ಕ ಕಣಗಳಿಂದ ಪರಮಾಣುಗಳು ಕಳಚಿ ದೊಡ್ಡ ಕಣಗಳಿಗೆ ಸೇರುತ್ತವೆ. ಚಿಕ್ಕವು ಅಳಿಯುತ್ತವೆ, ದೊಡ್ಡವು ಕೊಬ್ಬುತ್ತವೆ. ಕಣ ಉಬ್ಬಿದಂತೆ ಒಂದೇ ಪದರದ ತೆಳು ಕೊಳವೆ ಬೆಳೆಸುವುದು ಕಷ್ಟವಾಗುತ್ತದೆ. ನೀರಾವಿ ಈ ನುಂಗಾಟವನ್ನೂ ನಿಧಾನಿಸುತ್ತದೆ ಎಂದು 2009ರಲ್ಲಿ ಅಮೆರಿಕದ ಅಮಾಮಾ ಮತ್ತಿತರರು ತೋರಿಸಿದರು. ಈ ನುಂಗಾಟಕ್ಕೆ ಅಂಟಿದ ಹೆಸರು ಓಸ್ಟ್‌ವಾಲ್ಡ್ ಅವರದೇ. ಮಕ್ಕಳಿಗೆ ನಾನು ಹೇಳಿಕೊಟ್ಟ ವಾಕ್ಯಕ್ಕೆ ಬೇಕಿದ್ದ ತಿದ್ದುಪಡಿ ಅದೇ ಹಿರಿಯರ ಇನ್ನೊಂದು ಕೆಲಸದಲ್ಲಿತ್ತು.

ಕಬ್ಬಿಣದ ಅಡಿಯಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹಾಸುವುದು ಕಣಗಳು ಅಲೆದಾಡಿ ಒಂದಾಗದಿರಲಿ ಎಂದು. ಆದರೂ ಕಬ್ಬಿಣ ನಿಧಾನವಾಗಿ ಆ ಹಾಸಿನೊಳಗೇ ಇಂಗಿಹೋಗುತ್ತದೆ. ಹಾಗಾದರೆ ಹೋದಷ್ಟನ್ನು ಮತ್ತೆ ತುಂಬಬಾರದೇಕೆ? ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದ ತಂಡ ಬೆಳವಣಿಗೆಯ ನಡುವೆಯೇ ಕಬ್ಬಿಣ ಮತ್ತು ಅಲ್ಯೂಮಿನಿಯಂ ಇರುವ ಆವಿಯನ್ನು ತೀರ ಅಲ್ಪವಾಗಿ ಉಣಿಸುತ್ತಾ 26 ಗಂಟೆ ಕಾದಿತು. ಕಾಡು 14 ಸೆಂಟಿಮೀಟರ್ ಎತ್ತರಕ್ಕೆ ಬೆಳೆಯಿತು. ಕಬ್ಬಿಣವನ್ನು ಹೊತ್ತು ತಂದದ್ದು ಅಲ್ಲಿಯೂ ಫೆರೋಸೀನ್.