ಮಂತ್ರ ಕೊಟ್ಟವರು ಎಲ್ಲಿ ಹೋದರು?

ಎರಡನೇ ಶತಮಾನದಲ್ಲಿ ಲೂಸಿಯನ್ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ಕಥೆಯಿದೆ. ಯೂಕ್ರಟಿಸ್ ಎಂಬವನು ಈಜಿಪ್ಟಿನ ಮಾಂತ್ರಿಕನೊಬ್ಬನ ಜೊತೆ ಸುತ್ತುತ್ತಿರುತ್ತಾನೆ. ಆ ಮಾಂತ್ರಿಕ ಒನಕೆಗೆ ಬಟ್ಟೆ ಉಡಿಸಿ, ಮಂತ್ರ ಹೇಳಿ, ಮನೆಗೆಲಸ ಮಾಡಿಸುತ್ತಿದ್ದ. ಬೇರೆಲ್ಲ ಹಂಚಿಕೊಂಡರೂ ಇದೊಂದನ್ನು ಗುಟ್ಟಾಗಿ ಇಟ್ಟುಕೊಂಡಿದ್ದ. ಶಿಷ್ಯ ಒಂದು ದಿನ ಕತ್ತಲಲ್ಲಿ ನಿಂತು ಮಂತ್ರವನ್ನು ಕದ್ದು ಕೇಳಿದ. ಗುರು ಹೊರಗೆ ಹೋದಾಗ ಒನಕೆಗೆ ನೀರು ತರಲು ಹೇಳಿದ. ಅದು ತಂದಿತು, ತರುತ್ತಲೇ ಇತ್ತು. ನಿಲ್ಲಿಸುವ ಮಂತ್ರ ಇವನಿಗೆ ಗೊತ್ತಿಲ್ಲ. ಕೊಡಲಿಯಲ್ಲಿ ಸೀಳಿದರೆ ನೀರು ಹೊರುವವರು ಇಬ್ಬರಾದರು.

ಗುರು ಬಂದು ನಿಲ್ಲಿಸಿದ. ಆಮೇಲೆ ಹೇಳದೆ ಕೇಳದೆ ಎಲ್ಲೋ ಮಾಯವಾಗಿಬಿಟ್ಟ.

1797ರಲ್ಲಿ ಜರ್ಮನ್ ಕವಿ ಗಯಟೆ ಇದನ್ನು ಕವಿತೆ ಮಾಡಿದಾಗ ಒನಕೆಯ ಜಾಗಕ್ಕೆ ಪೊರಕೆ ಬಂತು. 1940ರಲ್ಲಿ ಡಿಸ್ನಿ ಸಿನಿಮಾದಲ್ಲಿ ಶಿಷ್ಯನ ಜಾಗಕ್ಕೆ ಮಿಕ್ಕಿ ಮೌಸ್ ಬಂದ. ಎರಡರಲ್ಲೂ ಗುರು ವಾಪಸ್ ಬಂದು ಎಲ್ಲ ಸರಿಮಾಡುತ್ತಾನೆ. ನಾವು ನಗುವುದು ಶಿಷ್ಯನನ್ನು ನೋಡಿ. ಅಷ್ಟು ಅಪಾಯದ ವಿದ್ಯೆಯನ್ನು ಕಾವಲಿಲ್ಲದೆ ಬಿಟ್ಟು ಹೋದವನ ಕಡೆ ಯಾರ ಬೆರಳೂ ಹೋಗುವುದಿಲ್ಲ.

ಮಹಾಭಾರತ ಓದಿದವರಿಗೆ ಇದು ಹೊಸದೇನಲ್ಲ. ದೂರ್ವಾಸರು ಹುಡುಗಿ ಕುಂತಿಗೆ ಮಂತ್ರ ಕೊಟ್ಟು ತಮ್ಮ ಪಾಡಿಗೆ ಹೊರಟುಹೋದರು. ಕುಮಾರವ್ಯಾಸನ ಕುಂತಿ, ಗೊಂಬೆಯಾಟಕ್ಕೆ ನಿಜವಾದ ಮಗುವನ್ನೇ ತರುತ್ತೇನೆ ಎಂದು ಹೊರಡುತ್ತಾಳೆ. ಆಮೇಲಿನದು ಕರ್ಣನ ಕಥೆ. ತಪ್ಪಿನ ಭಾರ ಜೀವನವಿಡೀ ಕುಂತಿಯ ತಲೆಯ ಮೇಲೆ. ದೂರ್ವಾಸರನ್ನು ಕೇಳಿದವರುಂಟೇ?

ಕಥೆ ಕಟ್ಟುವವರ ಕಷ್ಟವೂ ಇಲ್ಲಿ ಸ್ವಲ್ಪ ಇದೆ, ನಿಜ. ತಿಳಿದ ಹಿರಿಯರು ಪಕ್ಕದಲ್ಲೇ ಕೂತಿದ್ದರೆ ಪೊರಕೆ ಎರಡನೇ ಕೊಡ ತರುವ ಮೊದಲೇ ಕಥೆ ಮುಗಿಯುತ್ತದೆ. ಹಾಗಾಗಿ ಫ್ಯಾಂಟಸಿಯಲ್ಲಿ ಹಿರಿಯರು ಸಾಯುತ್ತಾರೆ, ಊರಲ್ಲಿರುವುದಿಲ್ಲ, ಇಲ್ಲವೇ ಮುಖ್ಯವಾದದ್ದನ್ನೇ ಹೇಳದೆ ಮುಚ್ಚಿಡುತ್ತಾರೆ. ಬಹಳ ಕಾಲ ಇದು ಬರೀ ಅನುಕೂಲವಾಗಿತ್ತು. ಅದು ಆರೋಪವಾಗಿದ್ದು ತೀರ ಈಚೆಗೆ.

ಈ ತಿರುವಿನ ಶುರುವಿನಲ್ಲಿ ನನಗೆ ಕಾಣುವುದು ಅಮೆರಿಕದ ಫ್ಯಾಂಟಸಿ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್. ಮಾಂತ್ರಿಕರೆಂದರೆ ಬಿಳಿ ಗಡ್ಡದ ಮುದುಕರು ಎಂದಿದ್ದ ಕಾಲ. ಅವರೂ ಒಂದು ದಿನ ಹುಡುಗರಾಗಿದ್ದಿರಬೇಕಲ್ವಾ, ವಿದ್ಯೆಯನ್ನು ಎಲ್ಲಿ ಕಲಿತರು ಎಂದು ಆಕೆ ಯೋಚಿಸಿದರು. ಹಾಗೆ ಬಂದದ್ದು 1968ರ, ಕಲ್ಪನೆಯ ದ್ವೀಪಲೋಕವೊಂದರ ಕಥೆಯಾದ ಮೊದಲ ಅರ್ಥ್‌ಸೀ ಕಾದಂಬರಿ. ಅದರ ಹುಡುಗ ಗೆಡ್‌ಗೆ ಮೊದಲು ಕಲಿಸುವವಳು ಊರಿನ ಮಾಟಗಾತಿಯಾದ ದೊಡ್ಡಮ್ಮ. ಆಕೆಗೆ ಅವನ ಶಕ್ತಿಯಿಂದ ತನಗೇನು ಲಾಭ ಎಂಬ ಲೆಕ್ಕವಿದೆ. ಆಮೇಲಿನ ಗುರು ಒಗಿಯನ್ ಮಳೆ ಬಂದರೆ ಮಂತ್ರದಿಂದ ನಿಲ್ಲಿಸುವುದಿಲ್ಲ, ಸುಮ್ನೆ ಮರದಡಿ ಮಲಗುತ್ತಾನೆ. ಹುಡುಗನಿಗೆ ಈ ನಿಧಾನ ತಡೆಯಲಾಗುವುದಿಲ್ಲ. ಇಲ್ಲಿರುತ್ತೀಯೋ, ರೋಕ್ ದ್ವೀಪದ ಶಾಲೆಗೆ ಹೋಗುತ್ತೀಯೋ ಎಂದು ಒಗಿಯನ್ ಆಯ್ಕೆಯನ್ನು ಅವನಿಗೇ ಬಿಡುತ್ತಾನೆ. ಗೆಡ್ ಶಾಲೆಗೆ ಹೋಗುತ್ತಾನೆ. ಅಲ್ಲಿ ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯುತ್ತಾನೆ, ಜೊತೆಗೆ ಲೋಕದಲ್ಲೊಂದು ಬಿರುಕು ಬಿಟ್ಟು ಕರಿನೆರಳೂ ಹೊರಬರುತ್ತದೆ. ಆ ಬಿರುಕು ಮುಚ್ಚಲು ಶಾಲೆಯ ಹಿರಿಯ ಗುರು ತನ್ನ ಶಕ್ತಿಯನ್ನೆಲ್ಲ ಸುರಿದು ಸಾಯುತ್ತಾನೆ.

ಶಿಷ್ಯ ಮಾಡಿದ ಅನಾಹುತಕ್ಕೆ ಗುರು ಪ್ರಾಣ ತೆತ್ತ. ಲೂಸಿಯನ್‌ನ ಮಾಂತ್ರಿಕನಿಂದ ಇಲ್ಲಿಗೆ ಎಷ್ಟು ದೂರ!

ಶಾಲೆ ಬಂದ ಮೇಲೆ ಹೊಣೆ ಒಬ್ಬ ಮುದುಕನ ಕೈಯಿಂದ ಸಂಸ್ಥೆಯ ಕೈಗೆ ಹೋಯಿತು. ಸಂಸ್ಥೆ ಎಂದ ಮೇಲೆ ಅದಕ್ಕೆ ತನ್ನದೇ ಸ್ವಾರ್ಥ ಇರುತ್ತದೆ. 1971ರ ಜರ್ಮನ್ ಕಾದಂಬರಿ ಕ್ರಾಬಾಟ್‌ನಲ್ಲಿ ಮಾಟದ ಗಿರಣಿಯ ಯಜಮಾನ ಹುಡುಗರಿಗೆ ವಿದ್ಯೆ ಕಲಿಸುತ್ತಾನೆ, ಆದರೆ ಪ್ರತಿ ವರ್ಷದ ಕೊನೆಗೆ ಅವನ ಬದಲು ಅವರಲ್ಲೊಬ್ಬ ಸಾಯಬೇಕು. ಅದಕ್ಕಿಂತ ಘೋರ ಗುರುವನ್ನು ನಾನು ಓದಿಲ್ಲ. 1990ರಲ್ಲಿ ಶುರುವಾದ ವೀಲ್ ಆಫ್ ಟೈಮ್ ಸರಣಿ ಇನ್ನೊಂದು ತಿರುಪು ಹಾಕಿತು. ಅಲ್ಲಿ ಕೆಲವು ಹುಡುಗಿಯರಲ್ಲಿ ಶಕ್ತಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೇಳಿಕೊಡುವವರಿಲ್ಲದಿದ್ದರೆ ನಾಲ್ವರಲ್ಲಿ ಮೂವರು ಸಾಯುತ್ತಾರೆ. ಹಾಗಾದರೆ ಕಲಿಸುವುದು ಉಪಕಾರವಲ್ಲ, ಕರ್ತವ್ಯ. ಅದೇ ನೆಪದಲ್ಲಿ ಹುಡುಗಿಯರನ್ನು ಹಿಡಿತದಲ್ಲಿಟ್ಟುಕೊಳ್ಳುವುದೂ ಸುಲಭ.

ಹ್ಯಾರಿ ಪಾಟರ್ ಬಗ್ಗೆ ಹೇಳದೆ ಆಗುವುದಿಲ್ಲ. ಪೋಷಕರಿಲ್ಲದ ಕೂಸು ಹ್ಯಾರಿಯನ್ನು ಮಾಂತ್ರಿಕ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ದೊಡ್ಡಮ್ಮನ ಮನೆ ಬಾಗಿಲಲ್ಲಿ ಬಿಟ್ಟುಹೋಗುತ್ತಾರೆ. ಶಾಲೆಯ ಕಾಗದ ಬರುವುದು ಹನ್ನೊಂದು ತುಂಬುವ ಹೊತ್ತಿಗೆ. ನಡುವಿನ ಹತ್ತು ವರ್ಷ ಮೆಟ್ಟಿಲ ಕೆಳಗಿನ ಕಪಾಟು. 1997ರಲ್ಲಿ ಅದನ್ನು ಓದಿ ನಕ್ಕವರೇ ಜಾಸ್ತಿ. 2003ರ ಐದನೇ ಪುಸ್ತಕದ ಹೊತ್ತಿಗೆ ಡಂಬಲ್‌ಡೋರ್ ತಾವೇ ತಪ್ಪೊಪ್ಪಿಕೊಳ್ಳುತ್ತಾರೆ. ಪ್ರೀತಿ ಹೆಚ್ಚಾಗಿ ಸತ್ಯ ಮುಚ್ಚಿಟ್ಟೆ ಎನ್ನುತ್ತಾರೆ. ಹ್ಯಾರಿ ಅವರ ಕೋಣೆಯ ಸಾಮಾನನ್ನೆಲ್ಲ ಒಡೆದುಹಾಕಿದ ಮೇಲೆ ಬಂದ ಮಾತು ಅದು. ಒಡೆದದ್ದು ಸರಿ ಅಂತಲೇ ನನಗನ್ನಿಸುತ್ತದೆ.

ಈ ಕಥೆಗಳಲ್ಲಿ ಅಪ್ಪ ಅಮ್ಮ ಸತ್ತಿರುತ್ತಾರೆ, ಇಲ್ಲವೇ ಮಾಯೆಯ ಗಂಧವೇ ಇಲ್ಲದವರಾಗಿರುತ್ತಾರೆ. 2013ರ ಫ್ರೋಜನ್ ಸಿನಿಮಾ ಅವರನ್ನೂ ಕಟಕಟೆಗೆ ತಂದಿತು. ಎಲ್ಸಾಳ ತಂದೆ ತಾಯಿ ಒಳ್ಳೆಯವರೇ. ಮಗಳ ಕೈಗೆ ಗವಸು ತೊಡಿಸಿ, ಬಾಗಿಲು ಹಾಕಿ, ನಿನ್ನ ಹಿಮದ ಶಕ್ತಿಯನ್ನು ಮುಚ್ಚಿಡು ಎಂದು ಕಲಿಸುತ್ತಾರೆ. ಅವಳು ಕಲಿತದ್ದು ಭಯವೊಂದನ್ನೇ.

ಇವೆಲ್ಲಕ್ಕಿಂತ ಒಳ್ಳೆಯ ಉತ್ತರ ಲೆ ಗ್ವಿನ್ ಅವರೇ 1990ರಲ್ಲಿ ಬರೆದಿದ್ದರು. ನಾಲ್ಕನೇ ಅರ್ಥ್‌ಸೀ ಪುಸ್ತಕ, ಹೆಸರು ತೆಹಾನು. ಅದರಲ್ಲಿ ಬೆಂಕಿಯಲ್ಲಿ ಬೆಂದ ಒಂದು ಪುಟ್ಟ ಹುಡುಗಿ ಇದ್ದಾಳೆ. ಅವಳೊಳಗೆ ಏನೋ ದೊಡ್ಡದಿದೆ. ಸಾಯುತ್ತಿರುವ ಒಗಿಯನ್ ಅವಳನ್ನು ನೋಡಿ, ಇವಳಿಗೆ ಎಲ್ಲವನ್ನೂ ಕಲಿಸು, ರೋಕ್ ಮಾತ್ರ ಬೇಡ, ಅಲ್ಲಿಯವರಿಗೆ ಭಯ ಎನ್ನುತ್ತಾನೆ. ಹೇಳುವುದು ಟೆನಾರ್‌ಗೆ. ಟೆನಾರ್ ಮಾಂತ್ರಿಕಳಲ್ಲ, ಹೊಲ ಮನೆ ನೋಡಿಕೊಂಡಿರುವ ವಿಧವೆ. ಏನು ಕಲಿಸಬೇಕೆಂದು ಅವಳಿಗೂ ಗೊತ್ತಿಲ್ಲ. ಶಿಷ್ಯೆಯಾಗಿ ಇಟ್ಟುಕೊಳ್ಳುತ್ತೀಯಾ ಎಂದು ಊರಿನ ಮಾಟಗಾತಿಯನ್ನು ಕೇಳಿದರೆ ಅವಳು ಹೆದರಿ ಒಲ್ಲೆ ಎನ್ನುತ್ತಾಳೆ. ಹಾಗಾಗಿ ಟೆನಾರ್ ತನಗೆ ಬರುವುದನ್ನೇ ಮಾಡುತ್ತಾಳೆ. ಮನೆಗೆಲಸ ಹೇಳಿಕೊಡುತ್ತಾಳೆ, ಹಳೆಯ ಕಥೆ ಹೇಳುತ್ತಾಳೆ, ಜೊತೆಗಿರುತ್ತಾಳೆ. ಕೊನೆಗೆ ಹುಡುಗಿ ಕರೆದಾಗ ಡ್ರ್ಯಾಗನ್ ಬಂದು ಇಳಿಯುತ್ತದೆ. ಇವರನ್ನು ಬಿಟ್ಟು ಬರುತ್ತೀಯಾ ಎಂದು ಅದು ಕೇಳಿದರೆ, ಇವರ ಹತ್ತಿರವೇ ಇರುತ್ತೇನೆ ಎನ್ನುತ್ತಾಳೆ.