ಕಿತ್ತಳೆ ಚೀಲಕ್ಕೆ ಬೂಸ್ಟು ಬಂದದ್ದು ಎಲ್ಲಿಂದ?

ಮೂಡಿಗೆರೆ ಕಡೆ ಕಿತ್ತಳೆ ಅಂದರೆ ಕಾಫಿ ತೋಟದ ಉಪಬೆಳೆ. ಬಿಟ್ಟರೆ ಬಿಟ್ಟಿತು, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಬೆಂಗಳೂರಿನ ನೆಂಟರಿಗೆ ಒಂದು ಚೀಲ ಹಣ್ಣು ಬಸ್ಸಿಗೆ ಹಾಕಿ ಕಳಿಸಿದ್ವಿ. ಐದನೇ ದಿನ ಫೋನು: ‘ಅರ್ಧ ಹಣ್ಣು ಬೂಸ್ಟು ಹಿಡಿದಿದೆ ಕಣೋ.’ ಬಸ್ಸಿನ ಬಿಸಿ, ರಸ್ತೆ ಗುಂಡಿ ಅಂತ ಎಲ್ಲರನ್ನೂ ಬೈದು ಸುಮ್ಮನಾದೆವು.

ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಬೆಳೆಗಾರರೂ ಹೀಗೇ ಬೈಯುತ್ತಿದ್ದರು. ಅವರ ಕಿತ್ತಳೆ ರೈಲಿನಲ್ಲಿ ದೇಶದ ಇನ್ನೊಂದು ತುದಿ ಸೇರುವಷ್ಟರಲ್ಲಿ ಕೊಳೆಯುತ್ತಿತ್ತು. 1904ರ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆಯ ಹೆರಾಲ್ಡ್ ಪೊವೆಲ್ ಇದರ ಬೆನ್ನು ಹತ್ತಿದರು. ಅವರು ರೈಲನ್ನಷ್ಟೇ ಅಲ್ಲ, ಕೊಯ್ಯೋದರಿಂದ ಪೆಟ್ಟಿಗೆ ತುಂಬೋವರೆಗೆ ಎಲ್ಲವನ್ನೂ ನೋಡಿದರು. ಕತ್ತರಿಯ ತುದಿ ತಾಗಿದ ಗೀರು, ಉಗುರಿನ ಗುರುತು, ಉದ್ದ ಬಿಟ್ಟ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚಿದ ತೂತು. ಕೊಳೆ ಶುರುವಾಗುತ್ತಿದ್ದದ್ದು ಅಲ್ಲಿಂದ. ಜೋಪಾನವಾಗಿ ಕೊಯ್ದ ಹಣ್ಣು ಅದೇ ರೈಲಿನಲ್ಲಿ ಹೋಗಿ ಚೆನ್ನಾಗಿಯೇ ಇಳಿಯಿತು.

ಆ ಹಸಿರು ಬೂಸ್ಟಿನ ಹೆಸರು ಪೆನಿಸಿಲಿಯಮ್ ಡಿಜಿಟಾಟಮ್. ಗಟ್ಟಿ ಸಿಪ್ಪೆಯೊಳಗೆ ಅದು ನುಗ್ಗಲಾರದು, ಗಾಯ ಬೇಕೇ ಬೇಕು. ಮೊದಲು ಬೆರಳಿಟ್ಟರೆ ಕುಸಿಯುವ ಮೆತ್ತನೆ ಕಲೆ, ಆಮೇಲೆ ಬಿಳಿ ಅಂಚು, ನಡುವೆ ಹಸಿರು ಪುಡಿ. ಚೀಲ ಅಲುಗಿದರೆ ಆ ಪುಡಿ ಎಲ್ಲ ಹಣ್ಣಿಗೂ ಮೆತ್ತುತ್ತೆ.

ಕೈ ತಿದ್ದೋದು ಕಷ್ಟ, ಔಷಧಿ ಸುಲಭ ಅಲ್ವಾ? 1920ರ ದಶಕದಲ್ಲಿ ಬೋರಾಕ್ಸ್ ನೀರಿನಲ್ಲಿ ತೊಳೆದರು. ಆಮೇಲೆ ಬೈಫಿನೈಲ್ ಎಂಬ ರಾಸಾಯನಿಕ ಸವರಿದ ಕಾಗದದಲ್ಲಿ ಸುತ್ತಿದರು. 1960ರ ದಶಕದಲ್ಲಿ ಥಯಾಬೆಂಡಜೋಲ್ ಎಂಬ ಬೂಸ್ಟುನಾಶಕ ಬಂತು, ಅದಾದ ಮೇಲೆ ಇಮಜಲಿಲ್ ಎಂಬ ಇನ್ನೊಂದು. ಬೂಸ್ಟು ಇವುಗಳಲ್ಲಿ ಹಲವನ್ನು ಅರಗಿಸಿಕೊಳ್ಳುತ್ತಾ ಹೋಯಿತು.

ಮೇಣದ ಕಥೆ ಬೇರೆ. ತೊಳೆಯುವಾಗ ಸಿಪ್ಪೆಯ ಮೇಲಿನ ಸಹಜ ಮೇಣ ಹೋಗುತ್ತೆ, ನೀರಾರಿ ಹಣ್ಣು ಸುಕ್ಕಾಗುತ್ತೆ. ಅದಕ್ಕೇ ಹೊರಗಿನಿಂದ ಮೇಣ. ನಮ್ಮ ಅಜ್ಜಿ ನಿಂಬೆಹಣ್ಣಿಗೆ ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದದ್ದೂ ಇದೇ ಲೆಕ್ಕ. ಆದರೆ ಜಾಸ್ತಿ ಬಳಿದರೆ ಒಳಗೆ ಉಸಿರು ಕಟ್ಟಿ ತೊಳೆಗೆ ಹುಳಿತ ವಾಸನೆ ಬರುತ್ತೆ, ಸಡಿಲ ಸಿಪ್ಪೆಯ ಕಿತ್ತಳೆಗಂತೂ ಬೇಗ.

ಇನ್ನು ಬಣ್ಣ. ಬಾಳೆಹಣ್ಣಿನ ಹಾಗೆ ಕಿತ್ತಳೆ ಕೊಯ್ದ ಮೇಲೆ ಹಣ್ಣಾಗೋದಿಲ್ಲ, ಸಿಹಿ ಏನಿದ್ದರೂ ಮರದಲ್ಲೇ. ಸಿಪ್ಪೆಯ ಹಸಿರು ಹೋಗಲು ತಂಪು ರಾತ್ರಿ ಬೇಕು, ಹಾಗಾಗಿ ಮಳೆಗಾಲದ ಹಣ್ಣು ಒಳಗೆ ಮಾಗಿದ್ದರೂ ಹೊರಗೆ ಹಸಿರೇ. ಅಮೆರಿಕದಲ್ಲಿ ಸೀಮೆಎಣ್ಣೆ ಒಲೆ ಉರಿಸಿ ಬಣ್ಣ ಬರಿಸುತ್ತಿದ್ದರು, ಶಾಖದಿಂದ ಅಂದುಕೊಂಡು. ಕೆಲಸ ಮಾಡುತ್ತಿದ್ದದ್ದು ಹೊಗೆಯಲ್ಲಿದ್ದ ಎಥಿಲಿನ್ ಅನಿಲ ಅಂತ 1920ರ ದಶಕದಲ್ಲಿ ಡೆನ್ನಿ ಎಂಬಾತ ತೋರಿಸಿದ.

ಹಣ್ಣನ್ನು 5ರಿಂದ 8 ಡಿಗ್ರಿಯಲ್ಲಿ, ಒಳ್ಳೆ ತೇವದಲ್ಲಿ ಇಟ್ಟರೆ ವಾರಗಟ್ಟಲೆ ತಡೆಯುತ್ತೆ. ಆದರೆ ಗಾಯದ ಹಣ್ಣಿಗೆ ಶೀತಲ ಕೋಣೆಯಲ್ಲಿ ಸಿಗೋದು ಬರೀ ವಾಯಿದೆ.

ನಮ್ಮ ಚೀಲಕ್ಕೆ ಬರೋಣ. ಆ ಹಣ್ಣನ್ನು ದೋಟಿಯಲ್ಲಿ ಎಳೆದು ಉದುರಿಸಿದ್ದೆವು. ತೊಟ್ಟಿನ ಜೊತೆ ಸಿಪ್ಪೆಯೂ ಒಂದಿಷ್ಟು ಕಿತ್ತು ಬಂದಿತ್ತು, ಅದೂ ಇಬ್ಬನಿ ಆರದ ಬೆಳಿಗ್ಗೆ. ಈ ಸಲ ಏಣಿ ಹಾಕಿ, ಕತ್ತರಿಯಲ್ಲಿ ತೊಟ್ಟು ಮೋಟು ಮಾಡಿ ಕೊಯ್ಯಿರಿ ಅಂದೆ. ಕೊಯ್ಯುವ ಅಣ್ಣ ನಕ್ಕ. ‘ಹಿಂಗೆ ಕೊಯ್ದರೆ ಸಂಜೆಗೆ ಎರಡು ಮರ ಆಯ್ತದೆ. ಕಿತ್ತಳೆ ಮಾರಿದ ದುಡ್ಡು ನನ್ನ ಕೂಲಿಗೂ ಸಾಲಲ್ಲ, ನೋಡಿ.’